ತೊನ್ನಿಗೆ ‘ಡಿ’ ಜೀವಸತ್ವ ಮದ್ದೇ?

ತೊನ್ನು ಇರುವವರ ರಕ್ತದಲ್ಲಿ ‘ಡಿ’ ಜೀವಸತ್ವ ಕಡಿಮೆ ಎಂಬ ಮಾತು ವೈದ್ಯರ ಕೋಣೆಯನ್ನು ದಾಟಿ ಔಷಧದಂಗಡಿಯ ಕಟ್ಟೆಗೆ ಬಂದು ಕುಳಿತಿದೆ. ಕೊರತೆ ಇರುವವರಿಗೆ ವೈದ್ಯರು ಕೆಲವು ವಾರಗಳ ಮಟ್ಟಿಗೆ ಬರೆದುಕೊಡುವ 60,000 ಯೂನಿಟ್‌ಗಳ ಗುಳಿಗೆಯನ್ನು ಬಿಳಿ ಮಚ್ಚೆಯ ಮದ್ದೆಂದೇ ನಂಬಿದ ತಂದೆ-ತಾಯಂದಿರನ್ನು ನಾನು ಬಲ್ಲೆ. ಮಗಳ ಮದುವೆಯ ವಯಸ್ಸು ಸಮೀಪಿಸಿದಂತೆ ವಾರಕ್ಕೆ ಒಂದಿದ್ದದ್ದು ಎರಡು, ಮೂರಾಗುತ್ತದೆ. ಅವರನ್ನು ಅವಿವೇಕಿಗಳೆನ್ನಲು ನನಗೆ ಮನಸ್ಸಿಲ್ಲ. ಆದರೆ ನಂಬಿಕೆಗೆ ಆಧಾರವೆಷ್ಟು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕಿದೆ.

ಕೊರತೆಯ ಮಾತು ಸುಳ್ಳಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ತೊನ್ನು ಇರುವವರಲ್ಲಿ ಈ ಜೀವಸತ್ವದ ಸರಾಸರಿ ಪ್ರಮಾಣ ಇತರರಿಗಿಂತ ಕಡಿಮೆ ಎಂದೇ ಕಂಡುಬಂದಿದೆ. ಕಾರಣ ಯಾವುದು, ಪರಿಣಾಮ ಯಾವುದು ಎಂಬಲ್ಲಿಯೇ ತೊಡಕು. ಬಣ್ಣ ಕಳೆದುಕೊಂಡ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅದಕ್ಕಿಂತ ಹೆಚ್ಚಾಗಿ ನೆರೆಹೊರೆಯ ಕಣ್ಣು ಸುಡುತ್ತದೆ. ತುಂಬುತೋಳಿನ ರವಿಕೆ ತೊಟ್ಟು ಮನೆಯೊಳಗೇ ಉಳಿದವರಲ್ಲಿ, ಬಿಸಿಲಿನಿಂದ ಚರ್ಮವೇ ತಯಾರಿಸಿಕೊಳ್ಳುವ ಜೀವಸತ್ವ ಕುಸಿದರೆ ಆಶ್ಚರ್ಯವೇನು? ಮೇಲಾಗಿ ನಮ್ಮ ದೇಶದಲ್ಲಿ ಮಚ್ಚೆಯೇ ಇಲ್ಲದ ಅಸಂಖ್ಯ ಜನರಲ್ಲಿಯೂ ಈ ಕೊರತೆ ಇದೆ.

ಹಾಗೆಂದು ಸಂಬಂಧವೇ ಇಲ್ಲವೆನ್ನಲಾಗದು. ದೇಹದ ರಕ್ಷಣಾ ಕಣಗಳೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ಕೊಲ್ಲುವುದರಿಂದ ತೊನ್ನು ಬರುತ್ತದೆ. ಈ ರಕ್ಷಣಾ ಕಣಗಳೂ ಬಣ್ಣದ ಕೋಶಗಳೂ ‘ಡಿ’ ಜೀವಸತ್ವಕ್ಕೆ ಸ್ಪಂದಿಸುತ್ತವೆ. 2013ರಲ್ಲಿ ಬ್ರೆಜಿಲ್‌ನ ವೈದ್ಯರು ತೊನ್ನು ಇದ್ದ 16 ಮಂದಿಗೆ ದಿನಕ್ಕೆ 35,000 ಯೂನಿಟ್‌ಗಳಂತೆ ಆರು ತಿಂಗಳು ಕೊಟ್ಟರು. 14 ಮಂದಿಯಲ್ಲಿ ಶೇ 25ರಿಂದ 75ರಷ್ಟು ಬಣ್ಣ ಮರಳಿತೆಂದು ವರದಿ ಮಾಡಿದರು. ಗುಳಿಗೆಯ ಪರವಾಗಿ ವಾದಿಸುವವರೆಲ್ಲ ಎತ್ತಿ ಹಿಡಿಯುವ ಫಲಿತಾಂಶವಿದು. ಆದರೆ ಹೋಲಿಸಿ ನೋಡಲು ಗುಳಿಗೆ ತೆಗೆದುಕೊಳ್ಳದವರ ಗುಂಪೊಂದು ಅಲ್ಲಿರಲಿಲ್ಲ. ಹಾಲಿನ ಪದಾರ್ಥಗಳನ್ನು ಬಿಡಿಸಿ, ದಿನಕ್ಕೆ ಎರಡೂವರೆ ಲೀಟರ್ ನೀರು ಕುಡಿಸಿ, ವೈದ್ಯರ ಕಣ್ಗಾವಲಿನಲ್ಲಿ ಮಾಡಿದ ಪ್ರಯೋಗವದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆರೋಗ್ಯವಂತ ವಯಸ್ಕರಿಗೆ 2020ರಲ್ಲಿ ಶಿಫಾರಸು ಮಾಡಿದ್ದು ದಿನಕ್ಕೆ 600 ಯೂನಿಟ್ ಮಾತ್ರ.

ಕೊಬ್ಬಿನಲ್ಲಿ ಕರಗುವ ಈ ಜೀವಸತ್ವ ಹೆಚ್ಚಾದರೆ ಮೂತ್ರದಲ್ಲಿ ಸುಲಭವಾಗಿ ಹೋಗಿಬಿಡುವುದಿಲ್ಲ; ದೇಹದಲ್ಲಿ ಸಂಗ್ರಹವಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ವಾಂತಿ, ಸುಸ್ತು ಕಾಣಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಮಚ್ಚೆ ಪ್ರಾಣಕ್ಕೆ ಎರವಲ್ಲ. ಮೂತ್ರಪಿಂಡದ ವಿಷಯದಲ್ಲಿ ಹಾಗೆ ಹೇಳಲಾಗದು.

ಅತ್ತ, ಪರಿಣಾಮ ತೋರಿದ ಚಿಕಿತ್ಸೆಗಳು ಇಲ್ಲವೆಂದಲ್ಲ. ಮುಲಾಮುಗಳಿವೆ, 311 ನ್ಯಾನೊಮೀಟರ್‌ನ ನೇರಳಾತೀತ ಬೆಳಕಿನ ಚಿಕಿತ್ಸೆ ಇದೆ. ರುಕ್ಸೊಲಿಟಿನಿಬ್ ಎಂಬ ಮುಲಾಮಿಗೆ 2022ರಲ್ಲಿ ಅಮೆರಿಕ ಅನುಮತಿ ನೀಡಿತು. ಆದರೆ ಬೆಳಕಿನ ಚಿಕಿತ್ಸೆಗೆ ವಾರಕ್ಕೆರಡು ಮೂರು ಬಾರಿ, ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆಯಬೇಕು. ಗುಳಿಗೆಯನ್ನಾದರೋ ಯಾರಿಗೂ ಕಾಣದಂತೆ ನುಂಗಬಹುದು. ಅದರ ಜನಪ್ರಿಯತೆಯ ಗುಟ್ಟು ಇಲ್ಲಿಯೇ ಇದೆ ಎಂದು ನನ್ನ ಅನಿಸಿಕೆ. ಕುಷ್ಠಕ್ಕೂ ತೊನ್ನಿಗೂ ಯಾವ ನಂಟೂ ಇಲ್ಲದಿದ್ದರೂ ಇದನ್ನು ‘ಬಿಳಿ ಕುಷ್ಠ’ ಎನ್ನುವವರು ಇಂದಿಗೂ ಇದ್ದಾರೆ; ಹೆಣ್ಣು ನೋಡಲು ಬಂದವರು ಮೊಣಕೈ ನೋಡುತ್ತಾರೆ.

ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಅದನ್ನು ಸರಿಪಡಿಸಿಕೊಳ್ಳಲೇಬೇಕು. ಮೂಳೆಗಾದರೂ ಅದು ಒಳ್ಳೆಯದು. ಜೊತೆಗೆ ಥೈರಾಯ್ಡ್ ಪರೀಕ್ಷೆಯೂ ಆಗಲಿ, ಏಕೆಂದರೆ ತೊನ್ನಿನೊಂದಿಗೆ ಅದರ ತೊಂದರೆ ಬರುವುದು ಅಪರೂಪವಲ್ಲ. ಆದರೆ 60,000 ಯೂನಿಟ್‌ಗಳ ಗುಳಿಗೆಯನ್ನು ಶುಂಠಿ ಪೆಪ್ಪರ್‌ಮಿಂಟಿನಂತೆ ಮಾರುವ ಅಂಗಡಿಗಳು ಇನ್ನಾದರೂ ವೈದ್ಯರ ಚೀಟಿ ಕೇಳಬೇಕು, ಔಷಧ ನಿಯಂತ್ರಕರು ಕೇಳಿಸಬೇಕು.