ಗಂಟೆಯ ಸದ್ದು, ಕೆಮ್ಮಿನ ಸದ್ದು

ಆಫೀಸೆಂದರೆ ಮೇಜು, ಕುರ್ಚಿ, ಕಡತಗಳಷ್ಟೇ ಅಲ್ಲ. ಹನ್ನೊಂದು ಗಂಟೆಯ ಕಾಫಿಯೂ ಆಫೀಸೇ. ಯಾರ ಮಗಳಿಗೆ ವರ ಗೊತ್ತಾಯಿತು, ಯಾರ ತಂದೆಗೆ ಮೈ ಸರಿಯಿಲ್ಲ ಎಂಬುದೆಲ್ಲ ನಮಗೆ ತಿಳಿಯುತ್ತಿದ್ದುದು ಆ ಲೋಟದ ಬಳಿಯಲ್ಲಿ. 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಬೀಗ ಬಿದ್ದಾಗ ಆಫೀಸೇನೋ ಹಲಸೂರಿನ ನಮ್ಮ ನಡುಮನೆಗೆ ಬಂದಿತು. ಕಾಫಿಯ ಗೆಳೆತನ ಮಾತ್ರ ಅಲ್ಲಿಯೇ ಉಳಿಯಿತು.

ದೂರದವರ ಮುಖ ನೋಡುತ್ತ ಮಾತನಾಡುವ ಕನಸು ಹೊಸದಲ್ಲ. 1964ರಲ್ಲಿಯೇ ನ್ಯೂಯಾರ್ಕಿನ ವಿಶ್ವ ಪ್ರದರ್ಶನದಲ್ಲಿ ಬೆಲ್ ಟೆಲಿಫೋನ್ ಸಂಸ್ಥೆಯವರು 'ಪಿಕ್ಚರ್‌ಫೋನ್' ತೋರಿಸಿದ್ದರು. ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಮೊದಲ ಮೂರು ನಿಮಿಷಕ್ಕೆ 16 ಡಾಲರು! ಅಂದು ಬಳಸುವವರಿಲ್ಲದೆ ಮೂಲೆ ಸೇರಿದ ಆ ಸೋಜಿಗ ಇಂದು ಎಲ್ಲರ ಕೈಯಲ್ಲಿದೆ. ಆದರೂ ಒಂದು ಕೊರತೆ. ಕ್ಯಾಮರಾ ಪರದೆಯ ಮೇಲಂಚಿನಲ್ಲಿರುವುದರಿಂದ, ಎದುರಿನವರ ಕಣ್ಣನ್ನು ನಾವು ನೋಡಿದರೆ, ಕೆಳಗೆಲ್ಲೋ ನೋಡುತ್ತಿದ್ದೇವೆಂದು ಅವರಿಗೆ ತೋರುತ್ತದೆ. ಮುಖಗಳು ಸೇರುತ್ತವೆ, ಕಣ್ಣುಗಳು ಸೇರುವುದಿಲ್ಲ.

ಆ ವರ್ಷ ಕಲಬುರಗಿಯ ತರುಣಿಯೊಬ್ಬರು ತಮ್ಮ ಮನೆಯಿಂದಲೇ ನಮ್ಮ ಆಫೀಸಿನ ಕೆಲಸಕ್ಕೆ ಸೇರಿದರು. ಒಂದು ಸಂಜೆ ನಮ್ಮ ಮಾತಿನ ನಡುವೆ ಸೋಮೇಶ್ವರ ದೇವಾಲಯದ ಗಂಟೆ ನನ್ನ ಕಿಟಕಿಯಿಂದ ತೂರಿಬಂದಿತು. ಕ್ಷಮೆ ಕೋರಿ ಕಿಟಕಿ ಮುಚ್ಚಲು ಎದ್ದೆ.

"ಮುಚ್ಚಬ್ಯಾಡ್ರಿ ಸರ್, ನಮ್ಮವ್ವನೂ ಕೇಳ್ಲಿ" ಎಂದರು.

ಅಂದಿನಿಂದ ಸಭೆ ಮುಗಿದ ಮೇಲೂ ಎರಡು ನಿಮಿಷ ಉಳಿದು ಮಾತನಾಡುವುದು ನಮಗೆ ರೂಢಿಯಾಯಿತು. ಅವರ ಹಿಂದಿನ ಕೋಣೆಯಿಂದ ತಾಯಿಯ ಕೆಮ್ಮು ಕೇಳಿಸುತ್ತಿತ್ತು. ಅದಕ್ಕೆ ಅವರು ಪ್ರತಿಸಲವೂ ಕ್ಷಮೆ ಬೇಡುತ್ತಿದ್ದರು.

ಒಂದು ಸೋಮವಾರ ಕೆಮ್ಮು ಕೇಳಿಸಲಿಲ್ಲ. ಲೆಕ್ಕಪತ್ರಗಳ ಚರ್ಚೆ ನಡೆಯಿತು. ಪರದೆಯ ಮೇಲಿದ್ದ ಹನ್ನೊಂದು ಮುಖಗಳಲ್ಲಿ ಯಾರೂ ಏನನ್ನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವಸರವಿತ್ತು, ಸಂಕೋಚವೂ ಇತ್ತು. ಕೇಳಿದ್ದು ಗುರುವಾರ. ತಾಯಿ ತೀರಿಕೊಂಡು ಆಗಲೇ ಐದು ದಿನಗಳಾಗಿದ್ದವು. ಆ ಕೋಣೆಯ ಮೌನವನ್ನು ತಾಳಲಾರದೆ ಅವರು ಕೆಲಸಕ್ಕೆ ಕುಳಿತಿದ್ದರಂತೆ.

"ಮೀಟಿಂಗಿನ್ಯಾಗ ಇದನ್ನ ಯಾವಾಗ ಹೇಳಬೇಕು ಅನ್ನೋದೇ ತಿಳೀಲಿಲ್ರಿ" ಎಂದರು.

ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಕಾಫಿಯ ಬಳಿಯಾಗಿದ್ದರೆ ಅವರು ಹೇಳಬೇಕಾಗಿಯೇ ಇರಲಿಲ್ಲ; ಮುಖವೇ ಹೇಳುತ್ತಿತ್ತು. ಪರದೆಯ ಮೇಲೆ ನಾವಾಗಿಯೇ ಕೇಳಬೇಕು. ಆದುದರಿಂದ, ವಾಚಕರೇ, ಸಭೆಗೆ ಐದು ನಿಮಿಷ ಮೊದಲೇ ಹೋಗಿ ಕುಳಿತಿರಿ, ಮುಗಿದೊಡನೆ ಓಡದಿರಿ. ಮಗುವಿನ ಅಳು, ಕುಕ್ಕರಿನ ಕೂಗು, ಮುದುಕರ ಕೆಮ್ಮು—ಇವುಗಳಿಗೆ ಯಾರೂ ಕ್ಷಮೆ ಬೇಡುವಂತಾಗದಿರಲಿ. ಸದ್ದು ನಿಂತ ದಿನ, ಏಕೆ ನಿಂತಿತೆಂದು ಕೇಳುವವರೊಬ್ಬರಿರಲಿ.

ಮುಂದೆ ಅವರು ಬೆಂಗಳೂರಿಗೆ ಬಂದಾಗ ಹಲಸೂರಿನ ಮೆಟ್ರೊ ನಿಲ್ದಾಣದಲ್ಲಿ ಭೇಟಿಯಾದೆವು. ಅವರ ಎತ್ತರ ಕಂಡು ನಾನು ಬೆರಗಾದೆ. ನನ್ನ ನರೆತ ಕೂದಲನ್ನು ಕಂಡು ಅವರು ನಕ್ಕರು. ಮನೆಗೆ ಬಂದು ಕಾಫಿ ಕುಡಿಯಿರೆಂದೆ.

"ಕಾಫಿ ಆಮೇಲಾಗ್ಲಿ ಸರ್. ಮೊದಲ ಆ ಗಂಟಿ ಎಲ್ಲೈತಿ, ತೋರಸ್ರಿ" ಎಂದರು.