ಪೈಲಟ್ಟಿನ ಬೆನ್ನ ಹಿಂದೆ

ನನ್ನ ಸೊಸೆಯ ತಮ್ಮ ಕೆಲಸದ ಮೇಲೆ ಜಪಾನಿಗೆ ಹೋಗಿದ್ದ. ಬರುವಾಗ ಮೊಮ್ಮಗ ಸುಹಾಸನಿಗೆ ಒಂದು ಪೆಟ್ಟಿಗೆ ತಂದುಕೊಟ್ಟ. ಮುಚ್ಚಳದ ಮೇಲೆ ಬೂದುಬಣ್ಣದ ಯುದ್ಧವಿಮಾನದ ಚಿತ್ರ. ರೆಕ್ಕೆಗಳ ಮೇಲೆ ಕುಂಕುಮದ ಬೊಟ್ಟಿನಂಥ ಕೆಂಪು ವೃತ್ತಗಳು. ಆಸೆಯಿಂದ ತೆರೆದು ನೋಡಿದರೆ ಒಳಗೆ ವಿಮಾನವೇ ಇಲ್ಲ! ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಚೂರುಗಳು, ಒಂದಷ್ಟು ಚೀಟಿಗಳು, ಹೇಗೆ ಜೋಡಿಸಬೇಕೆಂದು ಚಿತ್ರ ಬರೆದ ಒಂದು ಕಾಗದ. ಸುಹಾಸನ ಮುಖ ಸಣ್ಣದಾಯಿತು.

"ಅಜ್ಜಿ, ಇದನ್ನ ಯಾರು ಮಾಡಿಕೊಡ್ತಾರೆ?"

ಅವನಪ್ಪನಿಗೆ ಆಫೀಸು. ತಾತ ಪತ್ರಿಕೆಯ ಮರೆಯಿಂದ ಹೊರಗೆ ಬರುವವರಲ್ಲ. ಉಳಿದವಳು ನಾನು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು, ಇಂದಿಗೂ ಕನ್ನಡಕ ಹಾಕಿಕೊಂಡರೆ ಸೂಜಿಗೆ ದಾರ ಪೋಣಿಸುವವಳು. "ನಾವಿಬ್ಬರೂ ಮಾಡೋಣ ಬಾ" ಎಂದೆ. ಊಟದ ಮೇಜಿನ ಒಂದು ಮೂಲೆ ಇಡೀ ಬೇಸಿಗೆ ರಜೆಗೆ ನಮ್ಮದಾಯಿತು.

ಮೊದಲು ಲೆಕ್ಕ. ಪೆಟ್ಟಿಗೆಯ ಮೇಲೆ 1/48 ಎಂದಿತ್ತು. ಅಂದರೆ ನಿಜವಾದ ವಿಮಾನದ 48 ಸೆಂಟಿಮೀಟರ್ ನಮ್ಮ ಮೇಜಿನ ಮೇಲೆ ಒಂದೇ ಸೆಂಟಿಮೀಟರ್. ಆ ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 12 ಮೀಟರ್. ಹಾಗಾದರೆ ನಮ್ಮದು ಎಷ್ಟು? ಸುಹಾಸ ಕಾಗದದ ಮೇಲೆ ಭಾಗಿಸಿ 25 ಸೆಂಟಿಮೀಟರ್ ಎಂದ. ನನ್ನ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಮಕ್ಕಳೇ, ನಿಮ್ಮ ಎತ್ತರವನ್ನೂ 48ರಿಂದ ಭಾಗಿಸಿ ನೋಡಿ. ಆ ವಿಮಾನದ ಪಕ್ಕದಲ್ಲಿ ನೀವು ಹುಣಿಸೆ ಬೀಜ ಎರಡು ಪೇರಿಸಿದಷ್ಟೇ ಇರುತ್ತೀರಿ.

ಈ ವಿಮಾನದ ಹೆಸರು ಝೀರೋ, ಅಂದರೆ ಸೊನ್ನೆ. ಲೆಕ್ಕದ ಮೇಡಂಗೆ ಸೊನ್ನೆ ಬಂತು ಎಂದು ತಾತ ಪತ್ರಿಕೆಯ ಹಿಂದಿನಿಂದಲೇ ನಕ್ಕರು. ಅದಕ್ಕೊಂದು ಕಾರಣವಿದೆ. ಜಪಾನಿನ ನೌಕಾಪಡೆ ಇದನ್ನು ಸೇರಿಸಿಕೊಂಡದ್ದು 1940ರಲ್ಲಿ. ಅವರ ಹಳೆಯ ರಾಜವಂಶದ ಲೆಕ್ಕದಲ್ಲಿ ಅದು 2600ನೆಯ ವರ್ಷ. ಕೊನೆಯ ಅಂಕಿ ಸೊನ್ನೆಯಾದ್ದರಿಂದ ವಿಮಾನಕ್ಕೂ ಅದೇ ಹೆಸರಾಯಿತು. ವಿನ್ಯಾಸ ಮಾಡಿದವರು ಮಿತ್ಸುಬಿಷಿ ಕಂಪನಿಯ ಜಿರೋ ಹೊರಿಕೋಶಿ ಎಂಬ ಎಂಜಿನಿಯರ್. ಕಾರ್ಖಾನೆ ಇದ್ದದ್ದು ನಾಗೋಯ ನಗರದಲ್ಲಿ, ಹಾರಿಸಿ ನೋಡುವ ಮೈದಾನ ಇದ್ದದ್ದು 40 ಕಿಲೋಮೀಟರ್‌ಗೂ ಆಚೆ. ರಸ್ತೆ ಅಷ್ಟು ಚೆನ್ನಾಗಿರಲಿಲ್ಲ. ಲಾರಿಯಲ್ಲಿ ಸಾಗಿಸಿದರೆ ಕುಲುಕಿ ಹಾಳಾಗುತ್ತದೆಂದು ಅವರೇನು ಮಾಡಿದರು ಗೊತ್ತೆ? ಹೊಸ ವಿಮಾನವನ್ನು ಬಿಡಿಸಿ ಎತ್ತಿನ ಗಾಡಿಗಳ ಮೇಲೆ ಹೇರಿಕೊಂಡು ಹೋದರು! ಆ ಕಾಲಕ್ಕೆ ಜಗತ್ತಿನ ಅತಿ ಚುರುಕಾದ ವಿಮಾನಗಳಲ್ಲಿ ಒಂದು ತನ್ನ ಮೊದಲ ಪ್ರಯಾಣ ಮಾಡಿದ್ದು ಎತ್ತಿನ ಹೆಜ್ಜೆಯಲ್ಲಿ. 1939ರ ಏಪ್ರಿಲ್ 1ರಂದು ಅದು ಮೊದಲ ಸಲ ಹಾರಿತು.

ಇಂಥ ಮಾದರಿ ಮಾಡುವಾಗ ಒಂದು ನಿಯಮವಿದೆ. ಒಳಗಿನದು ಮೊದಲು, ಹೊರಗಿನದು ಆಮೇಲೆ. ವಿಮಾನದ ಒಡಲು ಕಡಲೆಕಾಯಿ ಸಿಪ್ಪೆಯ ಹಾಗೆ ಎರಡು ಹೋಳಾಗಿರುತ್ತದೆ. ಅವನ್ನು ಅಂಟಿಸಿಬಿಟ್ಟರೆ ಒಳಗೆ ಬೆರಳೂ ಹೋಗದು, ಬ್ರಷ್ಷೂ ಹೋಗದು. ಆದ್ದರಿಂದ ಪೈಲಟ್ ಕೂರುವ ಗೂಡನ್ನು ಮೊದಲು ಮಾಡಿ, ಬಣ್ಣ ಹಚ್ಚಿ, ಒಣಗಿಸಬೇಕು. ನೆಲಕ್ಕೂ ಗೋಡೆಗೂ ಮಂಕು ಹಸಿರು, ಗಡಿಯಾರಗಳ ಫಲಕಕ್ಕೆ ಕಪ್ಪು. ಒಡಲಿನ ಒಳಮೈಗೆ ಬೆಳ್ಳಿ ಬಣ್ಣ ಹಚ್ಚಿ, ಅದರ ಮೇಲೆ ತೆಳ್ಳಗೆ ನೀಲಿ ಹಸಿರು. ಲೋಹ ಹಾಳಾಗದಂತೆ ಜಪಾನೀಯರು ಹಚ್ಚುತ್ತಿದ್ದ ಈ ಅರಗಿನ ಬಣ್ಣಕ್ಕೆ ಅವರು ಕೊಟ್ಟ ಹೆಸರು 'ಅಓತಾಕೆ', ಎಂದರೆ ಹಸಿರು ಬಿದಿರು. ಒಣಗಿದ ಮೇಲೆ ನೋಡಿದರೆ ಮಳೆಯಲ್ಲಿ ತೊಯ್ದ ಎಳೆ ಬಿದಿರಿನ ಹೊಳಪೇ.

ಆಸನ ನನ್ನ ಕಿರುಬೆರಳ ಉಗುರಿನಷ್ಟಿತ್ತು. ಅದರ ಬೆನ್ನಿನಲ್ಲಿ ಸಣ್ಣ ಸಣ್ಣ ದುಂಡನೆಯ ಗುಳಿಗಳು. ಸುಹಾಸ ಸೂಜಿಯ ಮೊನೆಯಲ್ಲಿ ಒಂದೊಂದಕ್ಕೂ ಕಪ್ಪು ಚುಕ್ಕಿ ಇಟ್ಟ. "ಇದೇನಜ್ಜಿ, ಜಾಲರಿ ಸೌಟಿನ ಹಾಗಿದೆ?"

ನಿಜವಾದ ವಿಮಾನದಲ್ಲಿ ಅವು ತೂತುಗಳೇ. ತೂಕ ಕಡಿಮೆ ಮಾಡಲು ಕೊರೆದವು. ನೌಕಾಪಡೆ ಹೊರಿಕೋಶಿಯವರನ್ನು ಕೇಳಿದ್ದು ಒಂದೆರಡಲ್ಲ. ವೇಗ ಬೇಕು, ಬಹಳ ದೂರ ಹಾರಬೇಕು, ಗಿಡುಗನ ಹಾಗೆ ತಿರುಗಬೇಕು. ಎಂಜಿನ್ನಿನ ಶಕ್ತಿ ಮಾತ್ರ ಸಾವಿರ ಅಶ್ವಶಕ್ತಿಯ ಒಳಗೇ. ಉಳಿದ ದಾರಿ ಒಂದೇ, ತೂಕ ಇಳಿಸುವುದು. ಹೊಸ ಬಗೆಯ ಹಗುರ ಲೋಹ ಬಳಸಿದರು. ಲೋಹದಲ್ಲಿ ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ತೂತು ಕೊರೆದರು. ಕೊನೆಗೆ ಖಾಲಿ ವಿಮಾನದ ತೂಕ ಸುಮಾರು 1,700 ಕಿಲೋ, ಇಂದಿನ ಒಂದು ದೊಡ್ಡ ಕಾರಿನಷ್ಟು. ಹೆಚ್ಚಿನ ಪೆಟ್ರೋಲಿನ ತೊಟ್ಟಿ ಹೊತ್ತರೆ 3,000 ಕಿಲೋಮೀಟರ್ ಹಾರುತ್ತಿತ್ತು. ಬೆಂಗಳೂರಿನಿಂದ ದೆಹಲಿಗೆ ಹೋಗಿ, ನಿಲ್ಲದೆ ಅರ್ಧ ದಾರಿಗಿಂತ ಹೆಚ್ಚು ಹಿಂದಕ್ಕೂ ಬರಬಹುದು.

"ಸೂಪರ್!" ಎಂದ ಸುಹಾಸ. ಆಸನವನ್ನು ಗೂಡಿನೊಳಗೆ ಕೂರಿಸಿ, ತಿರುಗಿಸಿ ನೋಡಿದ. "ಅಜ್ಜಿ, ಹಿಂದಿನಿಂದ ಗುಂಡು ಬಂದರೆ? ಇವನ ಬೆನ್ನ ಹಿಂದೆ ಏನೂ ಇಲ್ವಲ್ಲ. ಒಂದು ಚೂರು ಬಿಟ್ಟುಹೋಗಿದೆ ಅನ್ಸುತ್ತೆ."

ಚೌಕಟ್ಟುಗಳನ್ನೆಲ್ಲ ಹುಡುಕಿದೆವು. ಚೂರು ಬಿಟ್ಟುಹೋಗಿರಲಿಲ್ಲ. ನಿಜವಾದ ವಿಮಾನದಲ್ಲೂ ಅಲ್ಲಿ ಏನೂ ಇರಲಿಲ್ಲ. ಅಮೆರಿಕದವರ ವೈಲ್ಡ್‌ಕ್ಯಾಟ್ ವಿಮಾನದಲ್ಲಿ ಪೈಲಟ್ಟಿನ ಬೆನ್ನಿಗೆ ಉಕ್ಕಿನ ತಗಡು ಇಟ್ಟರು. ಪೆಟ್ರೋಲ್ ತೊಟ್ಟಿಗೆ ರಬ್ಬರಿನ ಹೊದಿಕೆ ಹಾಕಿದರು. ಗುಂಡು ತೂರಿ ಪೆಟ್ರೋಲ್ ಸೋರಿದರೆ ಆ ರಬ್ಬರು ಉಬ್ಬಿ ತೂತನ್ನು ತಾನೇ ಮುಚ್ಚುತ್ತಿತ್ತು. ಇದೆಲ್ಲ ಸೇರಿ ಆ ವಿಮಾನ ಝೀರೋಗಿಂತ ಏಳುನೂರು ಕಿಲೋಗೂ ಹೆಚ್ಚು ಭಾರ. ಅದು ನಿಧಾನವಾಗಿ ಮೇಲೇರುತ್ತಿತ್ತು, ಆದರೆ ಗುಂಡು ತಿಂದೂ ಪೈಲಟ್ಟನ್ನು ಮನೆಗೆ ತರುತ್ತಿತ್ತು. ಝೀರೋದಲ್ಲಿ ಬೆನ್ನಿಗೆ ತಗಡಿಲ್ಲ, ತೊಟ್ಟಿಗೆ ರಬ್ಬರಿಲ್ಲ. ಒಂದು ಕಿಡಿ ಸಾಕಿತ್ತು.

ಸುಹಾಸ ಆ ದಿನ ಮುಂದೆ ಏನೂ ಕೇಳಲಿಲ್ಲ.

ಕೆಲಸ ಮುಂದುವರಿಯಿತು. ಒಡಲು ಅಂಟಿಸಿದೆವು, ಕೂಡಿದ ಗೆರೆಯನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿದೆವು. ಮೈಗೆ ಬೂದುಬಣ್ಣ, ಅದೂ ಬರಿಯ ಬೂದಿಯಲ್ಲ. ಬಿಳಿಗೆ ಸ್ವಲ್ಪ ಕಪ್ಪು ಬೆರೆಸಿ, ಹಳದಿ ಮತ್ತು ಕಂದು ಒಂದೊಂದು ತೊಟ್ಟು ಹಾಕಿದರೆ ಆ ಮಾಸಲು ಛಾಯೆ ಬರುತ್ತದೆ. ಒಂದೇ ಸಲಕ್ಕೆ ದಪ್ಪಗೆ ಬಳಿಯಬಾರದು. ತೆಳ್ಳಗೆ ಒಮ್ಮೆ, ಒಂದು ರಾತ್ರಿ ಒಣಗಲು ಬಿಟ್ಟು ಮತ್ತೊಮ್ಮೆ. ಎಂಜಿನ್ನಿನ ಮೂತಿಗೆ ಕಪ್ಪು. ಕೆಂಪು ವೃತ್ತಗಳ ಚೀಟಿಯನ್ನು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಒದ್ದೆ ಬ್ರಷ್ಷಿನಿಂದ ರೆಕ್ಕೆಯ ಮೇಲೆ ಜಾರಿಸಿದ. ಬಾಲಕ್ಕೆ ಸಂಖ್ಯೆ ಬೇಕಿತ್ತು. ಕೊಟ್ಟಿದ್ದ ಸಂಖ್ಯೆಗಳಲ್ಲಿ 'ಡಿಐ-108' ಅವನಿಗೆ ಇಷ್ಟವಾಯಿತು. ನಮ್ಮ ಮನೆಯ ದೇವರಪಟ್ಟಿಯಲ್ಲಿ 108ಕ್ಕೆ ಸ್ಥಾನವಿದೆಯಲ್ಲ, ಅದಕ್ಕೇ!

ಕೊನೆಗೆ ಉಳಿದದ್ದು ಗೂಡಿನ ಗಾಜಿನ ಮುಚ್ಚಳ. ಅದಕ್ಕೆ ಕಿಟಕಿಯ ಸರಳಿನಂತೆ ಅನೇಕ ಪಟ್ಟಿಗಳು. ಸುಹಾಸ ಎರಡು ದಿನ ಕೂತು, ಒಂದೊಂದು ಗಾಜಿನ ಮೇಲೂ ಟೇಪು ಕತ್ತರಿಸಿ ಅಂಟಿಸಿ, ಪಟ್ಟಿಗಳಿಗಷ್ಟೇ ಬಣ್ಣ ಹಚ್ಚಿದ್ದ. ಸಂಜೆ ಅವನು ಆಟಕ್ಕೆ ಹೋದ. ಬರುವಷ್ಟರಲ್ಲಿ ಕೂರಿಸಿ ಖುಷಿಪಡಿಸೋಣವೆಂಬ ಆಸೆ ನನಗೆ. ಈ ಭಾಗಕ್ಕೆ ಬಿಳಿ ಗೋಂದು ಹಚ್ಚಬೇಕೆಂದು ನನಗೆ ಗೊತ್ತಿತ್ತು. ಅದು ಒಣಗುವುದು ನಿಧಾನವೆಂದು, ಚಪ್ಪಲಿ ಕಿತ್ತರೆ ಬಳಸುವ ಕ್ಷಣದಲ್ಲಿ ಹಿಡಿಯುವ ಅಂಟನ್ನು ಹಚ್ಚಿಬಿಟ್ಟೆ. ಅದರ ಆವಿ ಒಳಗೇ ಸಿಕ್ಕಿಕೊಂಡು, ಬೆಳಗಿನ ಮಂಜು ಕವಿದ ಹಾಗೆ ಗಾಜೆಲ್ಲ ಬೆಳ್ಳಗಾಯಿತು.

ಸುಹಾಸ ಬಂದು ನೋಡಿದ. "ಅವಸರ ಮಾಡ್ಬಾರ್ದು ಅಂತ ನೀನೇ ಹೇಳಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದ. ಎರಡು ದಿನ ಮೇಜಿನ ಹತ್ತಿರ ಸುಳಿಯಲಿಲ್ಲ. ನಾನೇ ಹೋಗಿ, "ತಪ್ಪು ನನ್ನದೇ ಕಣೋ" ಎಂದೆ. ಮಕ್ಕಳ ಮುಂದೆ ಈ ಮಾತು ಹೇಳುವುದು ಹಿರಿಯರಾದ ನಮಗೆ ಎಷ್ಟು ಕಷ್ಟವೆಂದು ಅಜ್ಜ ಅಜ್ಜಿಯರಿಗೆ ಗೊತ್ತಿರುತ್ತದೆ.

ಮುಚ್ಚಳವನ್ನು ಮೆಲ್ಲಗೆ ಮೀಟಿ ತೆಗೆದೆವು. ಹಲ್ಲುಜ್ಜುವ ಪೇಸ್ಟ್ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಹೊರಮೈ ತಿಳಿಯಾಯಿತು. ಒಳಗಿನ ಮೂಲೆಗಳಿಗೆ ಬೆರಳು ಹೋಗದು. ಉಜ್ಜುತ್ತಾ ಕೂತಾಗ ನಾನು ಅವನಿಗೆ ನನ್ನ ತಂದೆಯ ಕಥೆ ಹೇಳಿದೆ.

1942ರಲ್ಲಿ ಅವರು ಮದರಾಸಿನಲ್ಲಿ ಗುಮಾಸ್ತರಾಗಿದ್ದರು. ಏಪ್ರಿಲ್ 5ರಂದು ಜಪಾನಿನ ವಿಮಾನಗಳು ಕೊಲಂಬೊ ಮೇಲೆ ಬಾಂಬು ಹಾಕಿದವು. ಮರುದಿನ ವಿಶಾಖಪಟ್ಟಣ, ಕಾಕಿನಾಡ. ಮುಂದಿನ ಸರದಿ ತಮ್ಮದೇ ಎಂದು ಮದರಾಸಿನ ಜನ ಊರು ಬಿಟ್ಟು ಹೊರಟರು. ಅಪ್ಪನೂ ಒಂದು ಟ್ರಂಕು ಹಿಡಿದು ಮೈಸೂರಿನ ರೈಲು ಹತ್ತಿದರು. ಆಮೇಲೆ ಎಷ್ಟೋ ವರ್ಷ ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಉಣ್ಣುತ್ತಿದ್ದ ಕೈ ಅಲ್ಲೇ ನಿಲ್ಲುತ್ತಿತ್ತು.

"ಹಾಗಾದರೆ ನಾವು ಯಾಕಜ್ಜಿ ಅವರ ವಿಮಾನ ಮಾಡ್ತಿದ್ದೀವಿ?" ಎಂದ ಸುಹಾಸ.

ನಾನು ಅವನೇ ಆರಿಸಿದ 108ನ್ನು ತೋರಿಸಿದೆ. ವಿಶಾಖಪಟ್ಟಣಕ್ಕೆ ಬಂದ ವಿಮಾನಗಳು ಹಾರಿದ್ದು ರ್ಯೂಜೋ ಎಂಬ ಹಡಗಿನಿಂದ. ಎರಡು ತಿಂಗಳ ಬಳಿಕ ಅದೇ ಹಡಗು ಉತ್ತರದ ಅಲಾಸ್ಕದ ಕಡೆಗಿತ್ತು. ಜೂನ್ 4ರಂದು ಅಲ್ಲಿಂದ ಹಾರಿದ ಝೀರೋಗಳಲ್ಲಿ ಒಂದರ ಸಂಖ್ಯೆ ಡಿಐ-108. ಪೈಲಟ್ ತದಯೋಶಿ ಕೊಗಾ, ವಯಸ್ಸು 19. ಒಂದು ಗುಂಡು ತಗುಲಿ ಎಣ್ಣೆಯ ಕೊಳವೆ ಒಡೆಯಿತು. ಅಕುತಾನ್ ಎಂಬ ದ್ವೀಪದಲ್ಲಿ ಹಸಿರು ಬಯಲು ಕಂಡು ಇಳಿಸಿದ. ಅದು ಬಯಲಲ್ಲ, ಜೌಗು. ಚಕ್ರ ಹೂತು ವಿಮಾನ ಮಗುಚಿತು. ಜೊತೆಗಾರರಿಬ್ಬರು ಮೇಲೆ ಸುತ್ತುತ್ತಿದ್ದರು. ಇಂಥ ವಿಮಾನ ಶತ್ರುವಿನ ಕೈಗೆ ಸಿಗಬಾರದು, ಗುಂಡಿಟ್ಟು ಸುಟ್ಟುಬಿಡಿ ಎಂಬುದು ಅವರಿಗಿದ್ದ ಆಜ್ಞೆ. ಆದರೆ ಒಳಗೆ ಗೆಳೆಯ ಬದುಕಿದ್ದರೆ? ಅವರ ಕೈ ಏಳಲಿಲ್ಲ, ಹಿಂದಿರುಗಿದರು. ಕೊಗಾ ಬದುಕಿರಲಿಲ್ಲ. ಐದು ವಾರದ ಬಳಿಕ ಅಮೆರಿಕದವರಿಗೆ ವಿಮಾನ ಸಿಕ್ಕಿತು. ರಿಪೇರಿ ಮಾಡಿ ಹಾರಿಸಿ ನೋಡಿದರು. ವೇಗ ಹೆಚ್ಚಿದಾಗ ಅದು ಪಕ್ಕಕ್ಕೆ ಹೊರಳಲು ಕಷ್ಟಪಡುತ್ತದೆ, ಥಟ್ಟನೆ ಕೆಳಕ್ಕೆ ಧುಮುಕಿದರೆ ಎಂಜಿನ್ ತಡವರಿಸುತ್ತದೆ ಎಂಬುದೆಲ್ಲ ಅವರಿಗೆ ತಿಳಿಯಿತು.

"ಅವರಿಬ್ಬರು ಗುಂಡು ಹಾರಿಸದೆ ಹೋಗಿದ್ದು ತಪ್ಪಾ?"

"ಅವರ ಸೈನ್ಯದ ಲೆಕ್ಕದಲ್ಲಿ ತಪ್ಪು."

"ನಿನ್ನ ಲೆಕ್ಕದಲ್ಲಿ?"

"ಅವರ ಜಾಗದಲ್ಲಿದ್ದರೆ ನನ್ನ ಕೈಯೂ ಏಳುತ್ತಿರಲಿಲ್ಲ" ಎಂದೆ. ಮತ್ತೊಂದನ್ನೂ ಹೇಳಬೇಕಾಯಿತು. ಬೆನ್ನಿಗೆ ತಗಡಿಲ್ಲದ ಈ ವಿಮಾನಗಳಲ್ಲಿ ಪಳಗಿದ ಪೈಲಟ್ಟುಗಳು ಒಬ್ಬೊಬ್ಬರಾಗಿ ಸತ್ತರು. ಅವರ ಜಾಗಕ್ಕೆ ಸರಿಯಾಗಿ ಕಲಿಯದ ಹುಡುಗರು ಬಂದರು. 1944ರ ಅಕ್ಟೋಬರ್‌ನಿಂದ ಝೀರೋಗಳಿಗೆ ಬಾಂಬು ಕಟ್ಟಿ, ಹಡಗಿಗೆ ಹೋಗಿ ಡಿಕ್ಕಿ ಹೊಡೆಯಿರಿ ಎಂದು ಅಂಥವರನ್ನೇ ಕಳಿಸಿದರು. ಮೊದಲ ದಿನ ತೂಕದ ಲೆಕ್ಕ ಹಾಕುವಾಗ ಕೈಬಿಟ್ಟದ್ದು ಒಳಗೆ ಕೂರುವವನನ್ನು. ಆ ಲೆಕ್ಕವನ್ನು ತಿದ್ದಲು ಹೊರಟದ್ದು ಬಹಳ ತಡವಾಗಿ.

ಸುಹಾಸ ಬಹಳ ಹೊತ್ತು ಸುಮ್ಮನೆ ಉಜ್ಜಿದ. ಆಮೇಲೆ ಬಟ್ಟೆ ಕೆಳಗಿಟ್ಟು, "ಮುಚ್ಚಳ ಬೇಡ ಅಜ್ಜಿ, ಬಿಟ್ಟುಬಿಡೋಣ. ಒಳಗಡೆ ಕಾಣಲಿ" ಎಂದ.

ನೀವೂ ಇಂಥದ್ದನ್ನು ಮಾಡುವಿರಾದರೆ ಮಕ್ಕಳೇ, ಕಿಟಕಿ ತೆರೆದಿಟ್ಟು ಕೂರಿ. ಬ್ಲೇಡಿನ ಕೆಲಸ ದೊಡ್ಡವರಿಗೆ ಬಿಡಿ. ಗಾಜಿನ ಭಾಗಕ್ಕೆ ಬಿಳಿ ಗೋಂದೇ ಇರಲಿ. ಅಜ್ಜಿ ಅವಸರ ಮಾಡಿದರೆ ತಡೆಯಿರಿ.

ಈಗ ನಮ್ಮ ಝೀರೋ ಷೋಕೇಸಿನಲ್ಲಿ ನಿಂತಿದೆ, ಗೂಡು ತೆರೆದುಕೊಂಡು. ಬಂದವರಿಗೆಲ್ಲ ಸುಹಾಸ ಮೊದಲು ತೋರಿಸುವುದು ರೆಕ್ಕೆಯ ಕೆಂಪು ವೃತ್ತವನ್ನಲ್ಲ, ತೂತಿನ ಆಸನವನ್ನು. "ಇದರ ಹಿಂದೆ ಏನಿದೆ ಹೇಳಿ?" ಎಂದು ಕೇಳುತ್ತಾನೆ. ಪೆಟ್ಟಿಗೆಯಲ್ಲಿ ಎರಡು ಪೈಲಟ್ ಗೊಂಬೆಗಳಿದ್ದವು, ಕೂತದ್ದೊಂದು, ನಿಂತದ್ದೊಂದು. ಕೂತದ್ದಕ್ಕೆ ಅವನು ಬಣ್ಣವನ್ನೇ ಹಚ್ಚಲಿಲ್ಲ. ನಿಂತವನಿಗೆ ಹಚ್ಚಿ, ವಿಮಾನದಿಂದ ನಾಲ್ಕು ಬೆರಳು ದೂರದಲ್ಲಿ, ನೆಲದ ಮೇಲೆ ನಿಲ್ಲಿಸಿದ್ದಾನೆ.