ಕೇಳಿದ ಕಿವಿಗಿಲ್ಲದ ಮೈಲಿಗೆ

ರಾಕ್ ಸಂಗೀತವೆಂದರೆ ಗದ್ದಲ, ಇಲೆಕ್ಟ್ರಾನಿಕ್ ಸಂಗೀತವೆಂದರೆ ಯಂತ್ರದ ಬಡಿತ, ಇವೆರಡರಲ್ಲಿಯೂ ಸಾಹಿತಿಯಾದವನಿಗೆ ಕೆಲಸವಿಲ್ಲ ಎಂಬ ಮಾತು ನಮ್ಮ ಸಾಹಿತ್ಯವಲಯದಲ್ಲಿ ಬಹಳ ಸಲೀಸಾಗಿ ಓಡಾಡಿಕೊಂಡಿದೆ; ಅದಕ್ಕೆ ಪುರಾವೆ ಕೇಳುವುದೇ ಅಸಭ್ಯತೆ ಎನ್ನಿಸಿಕೊಳ್ಳುವಷ್ಟು ಸಲೀಸಾಗಿ. ನಾವು ಆ ಅಸಭ್ಯತೆಗೆ ಇಳಿಯಬೇಕೆಂದಿದ್ದೇವೆ. ಮನ್ಸೂರರ ಒಂದು ಆಲಾಪದ ಬಗ್ಗೆ, ಭೀಮಸೇನ ಜೋಶಿಯವರ ಒಂದು ಅಭಂಗದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಹಿರಿಯರ ಕುರಿತು ನಮಗಿರುವುದು ಗೌರವವೇ. ಆದರೆ ಇಪ್ಪತ್ತೆರಡರ ಹರೆಯದವನೊಬ್ಬ ಅದೇ ಕೂಟದಲ್ಲಿ ತನಗೆ ಪ್ರಿಯವಾದ ಬ್ಯಾಂಡೊಂದರ ಹೆಸರು ಹೇಳಿದಾಗ ಅದೇ ಹಿರಿಯರ ಮುಖದ ಮೇಲೆ ಒಂದು ಮುಗುಳ್ನಗೆ ಮೂಡುತ್ತದಲ್ಲ, ನಮ್ಮ ಜಗಳ ಆ ನಗೆಯೊಂದಿಗೆ.

ಜಗಳಕ್ಕೆ ನಾವು ಆರಿಸಿಕೊಂಡಿರುವ ಜಾಗ ಕಾಶಿಯ ಹರಿಶ್ಚಂದ್ರ ಘಾಟ್. ಕನ್ನಡ ಓದಿದವರಿಗೆ ಇದು ಪರಸ್ಥಳವಲ್ಲ. ಕೇದಾರ ಘಾಟಿನಿಂದ ದಕ್ಷಿಣಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಸಿಗುವ ಈ ಮಸಣ ಮಣಿಕರ್ಣಿಕೆಯಷ್ಟು ದೊಡ್ಡದಲ್ಲ, ಆದರೆ ಹೆಸರಿನಿಂದಲೇ ನಮ್ಮ ರಾಘವಾಂಕನನ್ನು ನೆನಪಿಸುತ್ತದೆ. ಇದಕ್ಕೆ ಅಂಟಿಕೊಂಡೇ ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ಮೆಟ್ಟಿಲ ಮೇಲೆ ಸೌದೆಯ ರಾಶಿ, ಪಕ್ಕದಲ್ಲಿ 1980ರ ದಶಕದಲ್ಲಿ ತಲೆಯೆತ್ತಿದ ವಿದ್ಯುತ್ ಚಿತಾಗಾರ, ಕೆಳಗೆ ಗಂಗೆ. ಚಿತೆಗೆ ಬೆಂಕಿ ಕೊಡುವ ಹಕ್ಕು ಡೋಮರದು. ಲೋಕದ ಎಲ್ಲರಿಗೂ ಕೊನೆಯ ಘಳಿಗೆಯಲ್ಲಿ ಬೇಕಾಗುವ ಈ ಜನ ಮಿಕ್ಕ ಘಳಿಗೆಗಳಲ್ಲಿ ಯಾರಿಗೂ ಬೇಡದವರು.

2015ರಲ್ಲಿ ನೀರಜ್ ಘಾಯ್ವಾನ್ ನಿರ್ದೇಶಿಸಿದ 'ಮಸಾನ್' ಚಿತ್ರ ಬಂತು. ಮಸಾನ್ ಎಂಬುದೂ ನಮ್ಮ ಮಸಣವೂ ಒಂದೇ ಸಂಸ್ಕೃತ ಪದದ ಎರಡು ಮಕ್ಕಳು. ಚಿತ್ರದ ದೀಪಕ್ ಇದೇ ಘಾಟಿನ ಡೋಮರ ಮನೆಯ ಹುಡುಗ, ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವವನು. ಮೇಲುಜಾತಿಯ ಹುಡುಗಿ ಶಾಲುವನ್ನು ಅವನು ಪ್ರೀತಿಸುತ್ತಾನೆ. ಅವಳಿಗೆ ಉರ್ದು, ಹಿಂದಿ ಕವಿತೆಗಳ ಹುಚ್ಚು. ತನಗಿಷ್ಟವಾದ ಕವಿಗಳ ಸಾಲುಗಳನ್ನು ಅವನಿಗೆ ಹೇಳುತ್ತಾಳೆ. ಆ ಹೆಸರುಗಳನ್ನೇ ಕೇಳಿರದ ಅವನು ಸಂಕೋಚದಿಂದ ಕೇಳಿಸಿಕೊಳ್ಳುತ್ತಾನೆ. ಚಿತ್ರದಲ್ಲಿ ಪ್ರೀತಿ ಬೆಳೆಯುವ ಬಗೆಯೇ ಅದು: ಒಬ್ಬರು ತಮಗೆ ಪ್ರಿಯವಾದುದನ್ನು ಇನ್ನೊಬ್ಬರ ಕಿವಿಗೆ ಹಾಕುವುದು. ಆಮೇಲೆ ಒಂದು ರಾತ್ರಿ ಬಸ್ ಅಪಘಾತದ ಹೆಣಗಳು ಘಾಟಿಗೆ ಬರುತ್ತವೆ, ಸುಡುವ ಸರದಿ ದೀಪಕನದಾಗಿರುತ್ತದೆ, ಉಂಗುರವೊಂದರಿಂದ ಅವನು ಗುರುತು ಹಿಡಿಯುತ್ತಾನೆ. ಲೋಹಿತಾಶ್ವನ ಹೆಣವನ್ನು ಹೊತ್ತು ಬಂದ ಚಂದ್ರಮತಿಯನ್ನು ಬಲ್ಲ ಕನ್ನಡ ಓದುಗನಿಗೆ ಈ ದೃಶ್ಯವನ್ನು ವಿವರಿಸಬೇಕಿಲ್ಲ. ಮಸಣ ಕಾಯುವವನ ಮುಂದೆ ಅವನದೇ ಜೀವ ಹೆಣವಾಗಿ ಬಂದು ಮಲಗುವ ಕಥೆ ನಮ್ಮಲ್ಲಿ ಏಳೆಂಟು ಶತಮಾನಗಳಷ್ಟು ಹಳೆಯದು.

ಈ ಚಿತ್ರಕ್ಕೆ ಸಂಗೀತ ಕೊಟ್ಟವರು ಯಾರು? ಬನಾರಸ್ ಘರಾಣೆಯ ಪಂಡಿತರಲ್ಲ. ದಿಲ್ಲಿಯ 'ಇಂಡಿಯನ್ ಓಶನ್' ಎಂಬ ರಾಕ್ ಬ್ಯಾಂಡ್. ಸಾಹಿತ್ಯ ಮುಖ್ಯವಾಗಿ ವರುಣ್ ಗ್ರೋವರ್ ಅವರದು. ಒಂದು ಹಾಡು ದುಷ್ಯಂತ್ ಕುಮಾರರ ದ್ವಿಪದಿಯೊಂದನ್ನು ಮೂಲವಾಗಿಟ್ಟುಕೊಂಡು ಬೆಳೆದರೆ, ಇನ್ನೊಂದು ಅದೇ ಊರಿನ ನೇಕಾರ ಕಬೀರನ ಕಸ್ತೂರಿಯ ರೂಪಕವನ್ನು ಎತ್ತಿಕೊಂಡಿತು. 1990ರಲ್ಲಿ ಕಟ್ಟಿಕೊಂಡ ಈ ಬ್ಯಾಂಡಿನ ಇತಿಹಾಸವನ್ನು ಸ್ವಲ್ಪ ನೋಡಿ: 2000ದಲ್ಲಿ ಬಂದ ಅವರ 'ಕಾಂಡೀಸಾ' ಸಂಕಲನದ ಶೀರ್ಷಿಕೆಯ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಪುರಾತನ ಅರಾಮಿಕ್ ಪ್ರಾರ್ಥನೆ, ಅದೇ ಸಂಕಲನದ 'ಮಾ ರೇವಾ' ನರ್ಮದೆಯ ಕಣಿವೆಯದು. ಬೇಸ್ ಗಿಟಾರ್ ನುಡಿಸುವ ರಾಹುಲ್ ರಾಮ್ ಅಮೆರಿಕದ ಕಾರ್ನೆಲ್‌ನಲ್ಲಿ ಪರಿಸರ ವಿಷಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು ನರ್ಮದಾ ಆಂದೋಲನದ ಜೊತೆ ಓಡಾಡಿದವರು. ಹಾಡನ್ನೂ ತಬಲಾವನ್ನೂ ಒಟ್ಟಿಗೆ ನಿಭಾಯಿಸುತ್ತಿದ್ದ ಅಶೀಮ್ ಚಕ್ರವರ್ತಿ 2009ರಲ್ಲಿ ತೀರಿಕೊಂಡರು. ಇಷ್ಟೆಲ್ಲ ಓದು, ಇಷ್ಟೆಲ್ಲ ಅಲೆದಾಟ, ಇಷ್ಟೊಂದು ಸಾವುನೋವು ಬೆರೆತ ಸಂಗೀತವನ್ನು ಕೇಳದೆಯೇ ಗದ್ದಲವೆಂದು ತೀರ್ಪು ಕೊಡುವವರು ತಮ್ಮನ್ನು ಸಹೃದಯರೆಂದು ಕರೆದುಕೊಳ್ಳುವುದು ಹೇಗೆ?

ರಾಘವಾಂಕನಿಗೆ ಮರಳೋಣ. ಏಕೆಂದರೆ ನಮ್ಮ ವಿರೋಧಿಗಳು ಅವನನ್ನು ತಮ್ಮ ಪಕ್ಷದವನೆಂದು ತಿಳಿದಿದ್ದಾರೆ. ಹರಿಶ್ಚಂದ್ರನ ದುರವಸ್ಥೆ ಕಾಶಿಯಲ್ಲಿ ಆರಂಭವಾದುದಲ್ಲ. ಅದು ಆರಂಭವಾದದ್ದು ಹಾಡಿನಿಂದ. ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಇಬ್ಬರು ಹೊಲತಿಯರು ಬೇಟೆಯಿಂದ ದಣಿದ ಅರಸನ ಮುಂದೆ ಹಾಡುತ್ತಾರೆ. ಅರಸ ಮೈಮರೆತು ಕೇಳಿ ಉಡುಗೊರೆ ಕೊಡಹೋಗುತ್ತಾನೆ. ಅವರು ಅವನ ಬೆಳ್ಗೊಡೆಯನ್ನು ಕೇಳುತ್ತಾರೆ, ಅದನ್ನು ಕೊಡೆನೆಂದಾಗ ಅವನನ್ನೇ ಗಂಡನಾಗಿ ಕೇಳುತ್ತಾರೆ. ಕುಲದ ಮಾತು ತೆಗೆದು ಅವನು ಸಿಡಿದಾಗ ಆ ಹೆಣ್ಣುಮಕ್ಕಳು ಹೂಡುವ ವಾದ ಕನ್ನಡ ಕಾವ್ಯದ ಅತ್ಯಂತ ಹರಿತವಾದ ವಾದಗಳಲ್ಲೊಂದು. ನಮ್ಮ ದನಿಯನ್ನು ಕೇಳಿದ ಕಿವಿಗೆ ಮೈಲಿಗೆ ಬರಲಿಲ್ಲ, ನಮ್ಮ ರೂಪವನ್ನು ನೋಡಿದ ಕಣ್ಣಿಗೆ ಬರಲಿಲ್ಲ, ನಮ್ಮೊಡನೆ ನುಡಿದ ಬಾಯಿಗೆ, ನಮ್ಮ ಗಂಧ ಸುಳಿದ ಮೂಗಿಗೆ ಬರಲಿಲ್ಲ. ಐದರಲ್ಲಿ ನಾಲ್ಕು ಇಂದ್ರಿಯಗಳು ಕೀಳು, ಸ್ಪರ್ಶವೊಂದೇ ಮೇಲೋ? ಅರಸನ ಬಳಿ ಇದಕ್ಕೆ ಉತ್ತರವಿಲ್ಲ. ಉತ್ತರವಿಲ್ಲದವರು ಮಾಡುವುದನ್ನೇ ಅವನೂ ಮಾಡುತ್ತಾನೆ, ಅವರನ್ನು ಹೊಡೆದು ಅಟ್ಟಿಸುತ್ತಾನೆ. ಅದೇ ಅರಸ ಕೊನೆಗೆ ವೀರಬಾಹುವಿನ ಆಳಾಗಿ ಈ ಮಸಣದಲ್ಲಿ ನಿಲ್ಲಬೇಕಾಯಿತು.

ಎಲೆಕ್ಟ್ರಿಕ್ ಗಿಟಾರಿನ ವಿಷಯದಲ್ಲಿ ನಮ್ಮ ಸಾಹಿತ್ಯವಲಯ ಮಾಡುತ್ತಿರುವುದೂ ಇದನ್ನೇ. ರಾಜನ್–ನಾಗೇಂದ್ರರ ಹಾಡಿನಲ್ಲಿ ಆ ಗಿಟಾರ್ ಬಂದರೆ ನಮಗೆ ಬಾಲ್ಯದ ನೆನಪು. ಹಂಸಲೇಖರ ಹಾಡಿನಲ್ಲಿ ಡ್ರಮ್ಸೂ ಕೀಬೋರ್ಡೂ ಮೊಳಗಿದರೆ ಅದು ಕನ್ನಡದ ಸೊಗಡು. ಅದೇ ವಾದ್ಯಗಳನ್ನು ಹಿಡಿದು ನಾಲ್ವರು ಹುಡುಗರು ತಮ್ಮದೇ ಹೆಸರಿನಲ್ಲಿ, ತಮ್ಮದೇ ಸಾಹಿತ್ಯದೊಂದಿಗೆ ವೇದಿಕೆಯೇರಿ, ನಮ್ಮನ್ನೂ ನಿಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳಿ ಎಂದ ಕೂಡಲೇ ಸಂಸ್ಕೃತಿಗೆ ಧಕ್ಕೆ. ಕೇಳಬಹುದು, ಕುಣಿಯಬಹುದು, ಉಡುಗೊರೆಯನ್ನೂ ಕೊಡಬಹುದು. ಬೆಳ್ಗೊಡೆಯನ್ನು ಮಾತ್ರ ಕೇಳಬಾರದು.

ಪರದೇಶದ್ದು ಎಂಬ ಆಕ್ಷೇಪಕ್ಕೆ ಹೆಚ್ಚು ಕಾಲ ಕೊಡಬೇಕಿಲ್ಲ. ಪಿಟೀಲು ಎಲ್ಲಿಂದ ಬಂದಿತೆಂದು ಚೌಡಯ್ಯನವರನ್ನು ಯಾರೂ ಪ್ರಶ್ನಿಸಲಿಲ್ಲ. ಅವರು ಅದಕ್ಕೆ ಏಳು ತಂತಿ ಬಿಗಿದು ನಮ್ಮದನ್ನಾಗಿಸಿದರು. ಹಾರ್ಮೋನಿಯಂ ಭಾರತೀಯವಲ್ಲವೆಂದು 1940ರಿಂದ ಮೂರು ದಶಕ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು, ಆದರೆ ಇಂದು ಅದಿಲ್ಲದೆ ಭಜನೆಯೂ ಇಲ್ಲ, ಭಾವಗೀತೆಯೂ ಇಲ್ಲ. ರಾಘವಾಂಕ ಕೂಡ ತನ್ನ ಕಾಲದ ಹೊಸಬನೇ. ಚಂಪುವಿನ ಗಾಂಭೀರ್ಯವನ್ನೇ ಕಾವ್ಯವೆಂದು ತಿಳಿದಿದ್ದ ಲೋಕದಲ್ಲಿ ಇಡೀ ಕಾವ್ಯವನ್ನು ಷಟ್ಪದಿಯಲ್ಲಿ ಹಾಡುವಂತೆ ಕಟ್ಟಿದವನು. ಹಂಪೆಯ ವಿರೂಪಾಕ್ಷನನ್ನು ಬಿಟ್ಟು ನರಮನುಷ್ಯನ ಕಥೆ ಬರೆದನೆಂದು ಗುರುವೂ ಸೋದರಮಾವನೂ ಆದ ಹರಿಹರ ಸಿಟ್ಟಾಗಿ ಪಾದರಕ್ಷೆಯಿಂದ ಹೊಡೆದನೆಂಬುದು ಐತಿಹ್ಯ. ನಿಜವೋ ಸುಳ್ಳೋ, ಹೊಸ ಮಟ್ಟು ಹಿಡಿದವನಿಗೆ ಹಿರಿಯರಿಂದ ಸಿಗುವ ಮೊದಲ ಸನ್ಮಾನ ಯಾವುದೆಂಬುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕಂತೂ ಈ ಕಥೆ ಸಾಕ್ಷಿ.

ಮೈಸೂರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು. ಅದೇ ಒಡೆಯರು 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ವೃದ್ಧಾಪ್ಯ ಕಳೆಯುತ್ತಿದ್ದ, ಲೋಕ ಬಹುಮಟ್ಟಿಗೆ ಮರೆತಿದ್ದ ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ಸಂಯೋಜಕನ ಹೆಸರಿನಲ್ಲಿ ಸಂಘ ಕಟ್ಟಿ, ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು, ಮರಣವನ್ನೇ ಕುರಿತ ಹಾಡುಗಳು, ಲಂಡನ್ನಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟಾಗ ಅದರ ಖರ್ಚಿಗೆ ಭರವಸೆ ನಿಂತವರೂ ಅವರೇ. ತನಗೆ ಪ್ರಿಯವಾದ ದೂರದ ಸಂಗೀತವನ್ನು ಹುಡುಕಿ ನಾಲ್ಕು ಜನಕ್ಕೆ ಕೇಳಿಸುವುದೆಂದರೆ ಇದು. ಅರಮನೆಯಲ್ಲಿ ನಡೆದಾಗ ಅಭಿರುಚಿ, ಹಾಸ್ಟೆಲ್ ಕೋಣೆಯಲ್ಲಿ ನಡೆದಾಗ ಅಡ್ಡದಾರಿ ಎನ್ನುವುದಾದರೆ ವ್ಯತ್ಯಾಸ ಸಂಗೀತದಲ್ಲಿಲ್ಲ, ಕೋಣೆಯ ಬಾಡಿಗೆಯಲ್ಲಿದೆ.

ಇನ್ನು ಗದ್ದಲ. ಡೊಳ್ಳು ಮೆಲುದನಿಯ ವಾದ್ಯವೆ? ಯಕ್ಷಗಾನದ ಚೆಂಡೆ ಬಯಲಿನಲ್ಲಿ ಮೈಲಿ ದೂರ ಕೇಳಲೆಂದೇ ಇರುವುದಲ್ಲವೆ? ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯ ಮುಂದೆ ತಮಟೆ ಬಡಿಯುತ್ತಾರೆ. ಆ ಬಡಿತ ಎದೆಯೊಳಗೆ ಇಳಿದಾಗಲೇ ಎಷ್ಟೋ ಮಂದಿಗೆ ಕಣ್ಣೀರು ಬರುವುದು. ದುಃಖಕ್ಕೆ ಒಂದು ಪ್ರಮಾಣದ ಶಬ್ದ ಬೇಕೆಂಬುದನ್ನು ತಮಟೆಯವರು ನಮಗಿಂತ ಮೊದಲೇ ಬಲ್ಲರು. ಆದರೆ ಜೋರಾದುದೆಲ್ಲವೂ ಸಂಗೀತವೆಂದು ನಾವು ವಾದಿಸುತ್ತಿಲ್ಲ. ಇತ್ತೀಚಿನ ವರ್ಷಗಳಲ್ಲಿ ರಂಗಭರಿ ಏಕಾದಶಿಯ ದಿನ ಇದೇ ಹರಿಶ್ಚಂದ್ರ ಘಾಟಿನಲ್ಲಿ ಭಸ್ಮದ ಹೋಳಿಗೆಂದು ಜನಸಾಗರ ಸೇರಿ, ಉರಿಯುವ ಚಿತೆಗಳ ಪಕ್ಕದಲ್ಲಿ ಧ್ವನಿವರ್ಧಕ ಹಚ್ಚಿ, ಮೊಬೈಲು ಎತ್ತಿ ಹಿಡಿದು ಕುಣಿಯುವುದನ್ನು ಕಂಡಿದ್ದೇವೆ. ಹೆಣದ ಜೊತೆ ಬಂದವರಿಗೆ ದಾರಿ ಸಿಗದಂಥ ಸಡಗರವದು. ಅದನ್ನು ಸಂಪ್ರದಾಯವೆಂದು ಹೊಗಳುವ ಬಾಯಿಯೇ ರಾಕ್ ಸಂಗೀತವನ್ನು ಗದ್ದಲವೆನ್ನುವಾಗ ನಮಗೆ ಅನುಮಾನ ಬರುತ್ತದೆ, ಇವರ ತಕರಾರು ಶಬ್ದದ ಬಗ್ಗೆಯಂತೂ ಅಲ್ಲ.

ಯಂತ್ರದ ಬಡಿತವೆಂಬ ಮಾತಿಗೂ ಒಂದು ಉತ್ತರವಿದೆ. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್, ಚಿತ್ರಗೀತೆಗಳ ವಾದ್ಯಮೇಳದಲ್ಲಿ ದುಡಿಯುತ್ತಿದ್ದವರು, ಹೊಸದಾಗಿ ಬಂದಿದ್ದ ಜಪಾನಿನ ರೋಲ್ಯಾಂಡ್ ಯಂತ್ರಗಳನ್ನಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಒಂದು ರೆಕಾರ್ಡ್ ತಂದರು. ಆಗ ಯಾರೂ ಗಮನಿಸಲಿಲ್ಲ. 2002ರಲ್ಲಿ ಡಚ್ ಸಂಗ್ರಾಹಕರೊಬ್ಬರಿಗೆ ಅದು ದಿಲ್ಲಿಯ ಅಂಗಡಿಯೊಂದರಲ್ಲಿ ಸಿಕ್ಕಿತು; 2010ರಲ್ಲಿ ಮರುಮುದ್ರಣವಾದಾಗ ಆಸಿಡ್ ಹೌಸ್ ಎಂಬ ಪ್ರಕಾರ ಅಮೆರಿಕದಲ್ಲಿ ಹುಟ್ಟುವ ಮೊದಲೇ ಅದರ ನಾದ ಮುಂಬಯಿಯಲ್ಲಿ ಮೊಳಗಿತ್ತೆಂದು ಲೋಕ ಬೆರಗಾಯಿತು. ನಮ್ಮವರೊಬ್ಬರ ರಾಗಗಳನ್ನು ನಮಗೆ ಕೇಳಿಸಲು ಹಾಲೆಂಡಿನಿಂದ ಒಬ್ಬರು ಬರಬೇಕಾಯಿತು. ಕೇಳುವವರಿಲ್ಲದ ಕಡೆ, ಕೇಳಿದ್ದನ್ನು ಬರೆದಿಡುವವರಿಲ್ಲದ ಕಡೆ, ಹೀಗೆಯೇ ಆಗುವುದು.

ಈಗ ನಮ್ಮ ಇನ್ನೊಂದು ಪಕ್ಕದವರತ್ತ ತಿರುಗಬೇಕು, ಅವರನ್ನು ಸುಮ್ಮನೆ ಬಿಡುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ ರಾಕ್ ಕೇಳುವವರಿಗೆ ಬರವಿಲ್ಲ. 1996ರಿಂದ ಸ್ವಾತಂತ್ರ್ಯ ದಿನದ ಫ್ರೀಡಂ ಜಾಮ್ ಇದೆ. 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದ್ದಾರೆ. ಆ ಜನಜಂಗುಳಿಯಲ್ಲಿ ಕನ್ನಡ ಮನೆಮಾತಿನವರು ಸಾವಿರಾರು. ಮನೆಯಲ್ಲಿ ಅಮ್ಮನೊಡನೆ ಕನ್ನಡ, ಬಸ್ಸಿನಲ್ಲಿ ಕನ್ನಡ, ಜಗಳಕ್ಕೆ ಕನ್ನಡ. ತಮ್ಮ ಎದೆಯನ್ನು ಅಲುಗಿಸಿದ ಸಂಗೀತದ ಬಗ್ಗೆ ಎರಡು ಸಾಲು ಬರೆಯಬೇಕಾದಾಗ ಮಾತ್ರ ಇಂಗ್ಲಿಷು. ಇದರ ಜೊತೆಗೆ ಒಂದು ಸಣ್ಣತನವೂ ಸೇರಿಕೊಂಡಿದೆ. ನಾನು ಆ ಬ್ಯಾಂಡನ್ನು ನಿನಗಿಂತ ಮೊದಲು ಕೇಳಿದವನು, ಈಗ ಎಲ್ಲರೂ ಕೇಳುತ್ತಿದ್ದಾರೆ, ಆದ್ದರಿಂದ ಅದು ಕೆಟ್ಟಿದೆ ಎಂಬ ಧಾಟಿ. ಮಡಿಯ ಇನ್ನೊಂದು ರೂಪವಲ್ಲದೆ ಇದು ಮತ್ತೇನು?

ಹುಡುಕಿಕೊಡುವ ಕೆಲಸವನ್ನು ಈಗ ಮೊಬೈಲಿನ ಆ್ಯಪ್ ಮಾಡುತ್ತದಲ್ಲ ಎಂದು ಯಾರಾದರೂ ಹೇಳಿಯಾರು. ಅದು ನಿನ್ನೆ ಕೇಳಿದ್ದನ್ನು ಹೋಲುವ ಇನ್ನೊಂದನ್ನು ಕೊಡುತ್ತದೆ, ಏಕೆ ಎಂದು ಹೇಳುವುದಿಲ್ಲ. ಕಬೀರನನ್ನು ಕೇಳಿದವನಿಗೆ ಶಿಶುನಾಳ ಶರೀಫರನ್ನು ಏಕೆ ಕೇಳಬೇಕು, ಅಶ್ವತ್ಥರ ದನಿಯಲ್ಲಿ ಕೇಳಿದ ಶರೀಫರನ್ನು 2008ರಲ್ಲಿ ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದಾಗ ಏನು ಹೆಚ್ಚಿತು, ಏನು ಕಳೆಯಿತು ಎಂಬುದನ್ನು ಹೇಳಲು ಇಬ್ಬರನ್ನೂ ಕೇಳಿದ ಮನುಷ್ಯನೇ ಬೇಕು. ನಮ್ಮ ಮಟ್ಟಿಗೆ ಹೇಳುವುದಾದರೆ ಲಯ ಹೆಚ್ಚಿತು, ಒಗಟು ಕೊಂಚ ಕಡಿಮೆಯಾಯಿತು, ಒಪ್ಪದವರು ಬರೆಯಲಿ. ಸ್ವರಾತ್ಮ, ಥರ್ಮಲ್ ಆ್ಯಂಡ್ ಎ ಕ್ವಾರ್ಟರ್, ಕಾಶ್ಮೀರಿಯಲ್ಲೂ ಉರ್ದುವಿನಲ್ಲೂ ಹಾಡುವ ಪರ್ವಾಜ್, ಎಲ್ಲವೂ ಬೆಂಗಳೂರಿನವೇ. ಇವುಗಳ ಬಗ್ಗೆ ಕನ್ನಡದಲ್ಲಿ ಒಂದು ಗಟ್ಟಿಯಾದ ಜಗಳವಾದರೂ ನಡೆದಿದೆಯೆ?

ಪದಗಳಿಲ್ಲವೆಂಬ ನೆಪ ಬೇಡ. ರಿಫ್ ಅನ್ನು ರಿಫ್ ಎಂದೇ ಬರೆಯೋಣ, ಬಸ್ಸು, ಕಾಫಿ, ಸಿನಿಮಾ ಎಂದು ಬರೆದಂತೆ. ಶ್ರುತಿ, ಮಟ್ಟು, ಲಯ, ಕಾಲಪ್ರಮಾಣ, ಎತ್ತುಗಡೆ, ನಿಲುಗಡೆ ಎಂಬ ಪದಗಳು ನಮ್ಮಲ್ಲಿ ಆಗಲೇ ಇವೆ. ಯಕ್ಷಗಾನದ ಹಿಮ್ಮೇಳದವರನ್ನು ಕೇಳಿದರೆ ಇನ್ನಷ್ಟು ಕೊಡುತ್ತಾರೆ. ಬೇಕಾಗಿರುವುದು ಕೇಳಿದ್ದನ್ನು ಕೇಳಿದೆನೆಂದು ಹೆಸರು ಹಾಕಿ ಹೇಳುವ ಧೈರ್ಯ ಮಾತ್ರ.

ಆದ್ದರಿಂದ ನಮ್ಮ ಬಳಗದ ಮುಂದಿನ ಕೂಟಕ್ಕೆ ಬರುವ ಹಿರಿಯರಲ್ಲಿ ಒಂದೇ ಕೋರಿಕೆ. ರಾಘವಾಂಕನ ಗಾನರಾಣಿಯರ ಪ್ರಸಂಗವನ್ನು ಮತ್ತೊಮ್ಮೆ ಓದಿಕೊಂಡು ಬನ್ನಿ. ಬರುವ ದಾರಿಯಲ್ಲಿ, ಮೊಮ್ಮಗನದೋ ಮೊಮ್ಮಗಳದೋ ಇಯರ್‌ಫೋನ್ ಕೇಳಿ ಪಡೆದು, 'ಕಾಂಡೀಸಾ'ವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿ. ಕಿರಿಯರಿಗೂ ಒಂದು ಕೆಲಸವಿದೆ: ತಮಗೆ ಪ್ರಿಯವಾದ ಒಂದೇ ಒಂದು ಬ್ಯಾಂಡಿನ ಕುರಿತು ಎರಡು ಪುಟ, ಕನ್ನಡದಲ್ಲಿ, ಕೈಬರಹವಾದರೂ ಸರಿ. ಓದಿದ ಮೇಲೆ ಬೈಯಲು ಹಿರಿಯರಿಗೆ ಪೂರ್ಣ ಸ್ವಾತಂತ್ರ್ಯವುಂಟು, ಮುಗುಳ್ನಗಲು ಮಾತ್ರ ಇಲ್ಲ.